ದೊಡ್ಡಮನೆ ಗ್ರೂಪಿನಲ್ಲಿ: ಪುಟ್ಟಿ ಯಾವ ಮೆದುಳಿನವಳು?

ದೊಡ್ಡಪ್ಪ (ಫಾರ್ವರ್ಡ್): ನಿಮ್ಮ ಮಗು ಎಡ ಮೆದುಳಿನದೋ, ಬಲ ಮೆದುಳಿನದೋ? ಎಡದವರು ಲೆಕ್ಕದಲ್ಲಿ ಮುಂದೆ, ಧೈರ್ಯಸ್ಥರು. ಬಲದವರು ಕನಸುಗಾರರು, ನಾಚಿಕೆಯವರು. ಬೆರಳಚ್ಚಿನಿಂದಲೇ ತಿಳಿಯಿರಿ! ಎಲ್ಲ ತಂದೆತಾಯಿಗಳಿಗೂ ಕಳಿಸಿ 🙏

ದೊಡ್ಡಪ್ಪ: ವಾಣಿ, ಇದನ್ನು ಓದಮ್ಮ. ಮೊನ್ನೆ ಪೂಜೆಯಲ್ಲಿ ಪುಟ್ಟಿಗೆ ಒಂದು ಶ್ಲೋಕ ಹೇಳು ಅಂದರೆ ಕಂಬದ ಹಿಂದೆ ಹೋಗಿ ನಿಂತಳು. ನಾಲ್ಕು ವರ್ಷ ಆಯಿತಲ್ಲ. ಒಂದು ಸಲ ಪರೀಕ್ಷೆ ಮಾಡಿಸಿಬಿಡಿ.

ಸುಮಾ ಅತ್ತೆ: ಹೌದು ಕಣೇ. ನಮ್ಮ ಪಕ್ಕದ ಮನೆಯವರೂ ಮಾಡಿಸಿದರು. ಚೆನ್ನಾಗಿ ಫೈಲ್ ಮಾಡಿ ಕೊಡುತ್ತಾರೆ.

ವಾಣಿ: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇದು ಸುಳ್ಳು. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ, ಆಮೇಲೆ ಹಾಗೇ ಇರುತ್ತದೆ. ಮೆದುಳು ದಿನಾ ಕಲಿಯುತ್ತದೆ, ಬದಲಾಗುತ್ತದೆ. ಅದನ್ನು ನೋಡಿ ಇದನ್ನು ಹೇಳುವುದು ಹೇಗೆ?

ದೊಡ್ಡಪ್ಪ: ಬೆರಳಚ್ಚು ಬಿಡು. ಎಡ ಬಲ ಇರುವುದು ನಿಜ ತಾನೆ? ಅದಕ್ಕೆ ನೊಬೆಲ್ ಕೂಡ ಬಂದಿದೆ.

ಚೇತು: ಬಂದಿದೆ ದೊಡ್ಡಪ್ಪ, 1981ರಲ್ಲಿ, ರೋಜರ್ ಸ್ಪೆರಿಗೆ. ಆದರೆ ಅವರು ಮುಖ್ಯವಾಗಿ ನೋಡಿದ್ದು ಎರಡು ಭಾಗಗಳ ನಡುವಿನ ನರಗಳ ಕಟ್ಟನ್ನು ಕತ್ತರಿಸಿದ್ದ ಮೂರ್ಛೆರೋಗಿಗಳನ್ನು. ಬಹಳ ಜನರಿಗೆ ಮಾತಿನ ಕೆಲಸ ಎಡಕ್ಕೆ ಜಾಸ್ತಿ, ಅದು ನಿಜ. ಅದರಿಂದ ಮನುಷ್ಯರೇ ಎಡದವರು ಬಲದವರು ಅಂತ ಆಗುವುದಿಲ್ಲ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಜಾಸ್ತಿ ಜನರ ಮೆದುಳಿನ ಸ್ಕ್ಯಾನ್ ಜಾಲಾಡಿದರು. ಅಂಥ ಎರಡು ಜಾತಿ ಸಿಗಲೇ ಇಲ್ಲ.

ದೊಡ್ಡಪ್ಪ: ಹಾಗಾದರೆ ಸ್ವಭಾವಕ್ಕೂ ಮೆದುಳಿಗೂ ಸಂಬಂಧವೇ ಇಲ್ಲ ಅನ್ನಿ. ನಮ್ಮಪ್ಪನೂ ಹೀಗೇ. ಮನೆಗೆ ನೆಂಟರು ಬಂದರೆ ತೋಟಕ್ಕೆ ಹೋಗಿಬಿಡುತ್ತಿದ್ದರು. ಇದು ರಕ್ತದಲ್ಲೇ ಬಂದದ್ದು.

ಚೇತು: ಸಂಬಂಧ ಇದೆ, ಬೇಕಾದಷ್ಟಿದೆ. ನಮ್ಮ ಪಾಠದಲ್ಲಿ ಫಿನಿಯಾಸ್ ಗೇಜ್ ಅಂತ ಒಬ್ಬರ ಕಥೆ ಬರುತ್ತದೆ. 1848ರಲ್ಲಿ ಅಮೆರಿಕದಲ್ಲಿ ರೈಲು ಹಳಿಗೆ ಬಂಡೆ ಸಿಡಿಸುವಾಗ ಮೂರೂವರೆ ಅಡಿ ಉದ್ದದ ಕಬ್ಬಿಣದ ಸಲಾಕೆ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಮೆದುಳಿನ ಮುಂಭಾಗ ಹಾಳಾಯಿತು. ಬದುಕಿ ಉಳಿದರು, ಆದರೆ ಮೊದಲಿನ ತಾಳ್ಮೆ ಇರಲಿಲ್ಲ. ಗೆಳೆಯರೇ ಇವನು ಮೊದಲಿನ ಗೇಜ್ ಅಲ್ಲ ಅಂದರಂತೆ.

ದೊಡ್ಡಪ್ಪ: ನೋಡು! ನಾನು ಹೇಳಿದ್ದೂ ಅದೇ. ಮೆದುಳು ಹೇಗೋ ಮನುಷ್ಯ ಹಾಗೆ.

ವಾಣಿ: ಚೇತು, ಕಥೆ ಅರ್ಧಕ್ಕೆ ಬಿಡಬೇಡ. ಅದೇ ಮನುಷ್ಯ ಆಮೇಲೆ ಚಿಲಿ ದೇಶಕ್ಕೆ ಹೋಗಿ ಸುಮಾರು 7 ವರ್ಷ ಕುದುರೆ ಗಾಡಿ ಓಡಿಸಿದರು. ಹೊತ್ತಿಗೆ ಸರಿಯಾಗಿ ಹೊರಡಬೇಕು, ಹಲವು ಕುದುರೆ ಹಿಡಿತದಲ್ಲಿ ಇಟ್ಟುಕೊಳ್ಳಬೇಕು, ಜನರ ಜೊತೆ ನಾಜೂಕಾಗಿರಬೇಕು. ಅಷ್ಟು ಪೆಟ್ಟು ಬಿದ್ದ ಮೆದುಳೂ ಒಂದು ಕ್ರಮದ ಕೆಲಸ ಸಿಕ್ಕಾಗ ಸುಧಾರಿಸಿಕೊಂಡಿತು ಅಂತ ಈಗ ಕೆಲವರು ಹೇಳುತ್ತಾರೆ.

ವಾಣಿ: ಇನ್ನು ಪುಟ್ಟಿಯ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹಾರ್ವರ್ಡ್‌ನಲ್ಲಿ ಜೆರೋಮ್ ಕೇಗನ್ ಅಂತ ಒಬ್ಬರಿದ್ದರು. 4 ತಿಂಗಳ ಕೂಸುಗಳನ್ನು ಕೂರಿಸಿ, ಮುಂದೆ ತೂಗಾಡುವ ಬಣ್ಣದ ಗೊಂಬೆ, ಹೊಸ ದನಿ, ಹೊಸ ವಾಸನೆ ತೋರಿಸಿದರು. ಐದರಲ್ಲಿ ಒಂದು ಕೂಸು ಕೈಕಾಲು ಜಾಡಿಸಿ ಅತ್ತಿತು. ಐದರಲ್ಲಿ ಎರಡು ಸುಮ್ನೆ ಮಲಗಿ ನೋಡಿದವು. ಅತ್ತವು ದೊಡ್ಡದಾಗುತ್ತಾ ಹೊಸಬರ ಎದುರು ಹಿಂಜರಿಯುವುದು ಜಾಸ್ತಿ. 2003ರಲ್ಲಿ ಇದೇ ತಂಡದವರು, ಎರಡನೇ ವರ್ಷದಲ್ಲಿ ಹಿಂಜರಿಯುತ್ತಿದ್ದ ಮಕ್ಕಳನ್ನು 20 ದಾಟಿದ ಮೇಲೆ ಸ್ಕ್ಯಾನ್ ಮಾಡಿದರು. ಗುರುತಿಲ್ಲದ ಮುಖ ಕಂಡರೆ ಅವರ ಮೆದುಳಿನ ಅಮಿಗ್ಡಲ, ಅಂದರೆ ಬಾದಾಮಿ ಗಾತ್ರದ ಒಂದು ಗಂಟು, ಬೇರೆಯವರದಕ್ಕಿಂತ ಹೆಚ್ಚು ಚುರುಕಾಗುತ್ತಿತ್ತು.

ಅಂದರೆ ಪುಟ್ಟಿ ಕಂಬದ ಹಿಂದೆ ನಿಂತದ್ದು ಹಟವಲ್ಲ, ಕೆಟ್ಟ ಬುದ್ಧಿಯಲ್ಲ. ನಲವತ್ತು ಮುಖ ಒಟ್ಟಿಗೆ ನೋಡಿದಾಗ ಅವಳ ಒಳಗೆ ಗಂಟೆ ಜೋರಾಗಿ ಹೊಡೆಯುತ್ತದೆ.

ಆದರೆ ಅತ್ತ ಕೂಸುಗಳೆಲ್ಲ ಅಂಜುಬುರುಕರಾಗಿ ಉಳಿಯಲಿಲ್ಲ. ತುಂಬ ಜನ ಮಾಮೂಲಿಯಾದರು. ಸಣ್ಣ ಕಷ್ಟಕ್ಕೂ ಎತ್ತಿಕೊಂಡು ಬಚ್ಚಿಟ್ಟ ಮಕ್ಕಳಲ್ಲಿ ಹೆದರಿಕೆ ಹೆಚ್ಚು ಉಳಿಯಿತು. ಅವಳಿ ಮಕ್ಕಳನ್ನು ನೋಡಿದವರೂ ಸ್ವಭಾವದಲ್ಲಿ ಜನರ ನಡುವಿನ ವ್ಯತ್ಯಾಸದ ಸುಮಾರು ಅರ್ಧಕ್ಕೆ ಮಾತ್ರ ವಂಶವಾಹಿ ಕಾರಣ ಅನ್ನುತ್ತಾರೆ.

ಸುಮಾ ಅತ್ತೆ: ಎತ್ತಿಕೊಂಡು ಬಚ್ಚಿಡುವುದು ನೀನೇ ಅಲ್ವಾ ವಾಣಿ? ಮೊನ್ನೆ ಯಾರೋ ಮಾತಾಡಿಸಿದ ಕೂಡಲೇ ಸೆರಗಲ್ಲಿ ಮುಚ್ಚಿಕೊಂಡೆ.

ವಾಣಿ: ಹೌದು ಅತ್ತೆ. ಅದು ನನ್ನ ತಪ್ಪು. ತಿದ್ದಿಕೊಳ್ಳುತ್ತಿದ್ದೇನೆ.

ವಾಣಿ: ಪೂಜೆಯ ಮಾರನೇ ದಿನ ಏನಾಯಿತು ಹೇಳುತ್ತೇನೆ. ಬೆಳಿಗ್ಗೆ ಪುಟ್ಟಿ ಮಣೆ ಹಾಕಿ ಗೊಂಬೆ ಕೂರಿಸಿದ್ದಳು. ಲೋಟದ ಮೇಲೆ ಚೆಂಡು ಇಟ್ಟು ಕಳಶ ಮಾಡಿದ್ದಳು. ಅರಿಶಿನದ ಬದಲು ಬೇಳೆ. ಮಧ್ಯದಲ್ಲಿ ಪುರೋಹಿತರ ಫೋನ್ ಬಂದು ಅವರು ಅದನ್ನು ಪಂಚೆಯ ಕೆಳಗೆ ಒತ್ತಿಟ್ಟುಕೊಂಡರಲ್ಲ, ಅದನ್ನೂ ಮಾಡಿದಳು. ದೊಡ್ಡಪ್ಪ ಹೇಳಿಕೊಟ್ಟ ಶ್ಲೋಕವನ್ನು ಒಂದು ಅಕ್ಷರ ತಪ್ಪದೆ ಗೊಂಬೆಗೆ ಹೇಳಿದಳು. ಕಂಬದ ಹಿಂದೆ ನಿಂತು ಅವಳು ಎಲ್ಲ ನೋಡುತ್ತಿದ್ದಳು ದೊಡ್ಡಪ್ಪ. ಇವಳು ಬಲ ಮೆದುಳಿನವಳು, ನಾಚಿಕೆಯವಳು ಅಂತ ನಾವು ಹತ್ತು ಸಲ ಅಂದರೆ ಅವಳೂ ಹಾಗೇ ನಂಬುತ್ತಾಳೆ. ನನಗೆ ಭಯ ಅದಕ್ಕೇ.

ದೊಡ್ಡಪ್ಪ: ಪೂರ್ತಿ ಹೇಳಿದಳಾ?

ವಾಣಿ: ಪೂರ್ತಿ. ಕೊನೆಗೆ ನಿಮ್ಮ ಹಾಗೇ ಕೆಮ್ಮಿದಳು.

ದೊಡ್ಡಪ್ಪ: ಸರಿ. ಎಡ ಬಲದ ವಿಷಯ ನಾನು ಇನ್ನೂ ಓದಬೇಕು, ಅಷ್ಟು ಬೇಗ ಒಪ್ಪುವುದಿಲ್ಲ. ಪರೀಕ್ಷೆ ಬೇಡ ಬಿಡು. ಬರುವ ಭಾನುವಾರ ಊಟಕ್ಕೆ ಬರುವಾಗ ಒಂದು ಗಂಟೆ ಮುಂಚೆ ಕರೆದುಕೊಂಡು ಬಾ. ಉಳಿದವರು ಬರುವ ಮೊದಲು ಅವಳೂ ನಾನೂ ಹೂ ಬಿಡಿಸುತ್ತೇವೆ. ಶ್ಲೋಕ ಕೇಳುವುದಿಲ್ಲ.

ವಾಣಿ: ಹತ್ತಕ್ಕೆ ಅಲ್ಲಿರುತ್ತೇವೆ.