ಮಗಳಿಗೆ ರೋಬಾಟ್ ಕಥೆ ಓದಿಸಬೇಕು, ಯಾವ ಪುಸ್ತಕ ತಗೊಳ್ಳಲಿ?

ಶಿರಸಿ ಅಮ್ಮ: ಮಗಳಿಗೆ 12 ವರ್ಷ. ಶಾಲೆಯಲ್ಲಿ ಯಾರೋ ರೋಬಾಟ್ ಕಥೆಗಾರ ಅಸಿಮೋವ್ ಹೆಸರು ಹೇಳಿದ್ದಾರೆ, ಈಗ ದಿನಾ ಅದೇ ಜಪ. ಅವರ ಕಥೆಗಳ ‘ಐ, ರೋಬಾಟ್’ ತರಿಸಲೋ, ‘ದಿ ಕಂಪ್ಲೀಟ್ ರೋಬಾಟ್’ ತರಿಸಲೋ? ಕನ್ನಡ ಮಾಧ್ಯಮದ ಹುಡುಗಿ, ಇಂಗ್ಲಿಷ್ ಸ್ವಲ್ಪ ನಿಧಾನ. 600 ರೂಪಾಯಿಯೊಳಗೆ ಮುಗಿಯಬೇಕು. ಮಕ್ಕಳಿಗೆ ಓದಿಸಿದವರು ಅನುಭವ ಹೇಳಿ.

ದಪ್ಪ ಪುಸ್ತಕ: ನಾನು ‘ಕಂಪ್ಲೀಟ್’ ತಗೊಂಡವನು. 899 ರೂಪಾಯಿ, ಕೊರಿಯರ್ 70 ಬೇರೆ. ಮೊದಲು ಬಂದ ಪ್ರತಿಯಲ್ಲಿ 32 ಪುಟ ಎರಡೆರಡು ಸಲ ಇತ್ತು, ಅದರ ಮುಂದಿನ 32 ಪುಟ ಇರಲೇ ಇಲ್ಲ. ವಾಪಸ್ ಕಳಿಸಲು ಪ್ಯಾಕಿಂಗ್‌ಗೆ 40. ಬದಲಿ ಪ್ರತಿ ಬರಲು 19 ದಿನ, ಅಷ್ಟರಲ್ಲಿ ಮಗನ ರಜೆಯೇ ಮುಗಿದಿತ್ತು. ಪುಸ್ತಕ 1982ರದ್ದು, 31 ಕಥೆ. ಆದರೆ ಬರೆದ ವರ್ಷದ ಪ್ರಕಾರ ಜೋಡಿಸಿಲ್ಲ. ಮೊದಲ ಕಥೆ ಚಂದ್ರನ ಮೇಲಿರುವ ಹುಡುಗ, ಅವನ ರೋಬಾಟ್ ನಾಯಿ. ಆಮೇಲೆ ಕಾರುಗಳು. ‘ರೋಬಿ’ ಕಥೆ ಬರುವಷ್ಟರಲ್ಲಿ ಮಗ ಕ್ರಿಕೆಟ್ ಆಡಲು ಹೋಗಿದ್ದ. ನಾನೇ ಕೂತು ಎಲ್ಲ ಓದಿ ಮುಗಿಸಿದೆ, ಆರು ತಿಂಗಳು. ಪಶ್ಚಾತ್ತಾಪ ಏನಿಲ್ಲ.

ಅವೆನ್ಯೂ ರಸ್ತೆ ಅಲೆಮಾರಿ: 899 ಕೊಟ್ಟು ಪಶ್ಚಾತ್ತಾಪ ಇಲ್ವಂತೆ! ನಾನು ‘ಐ, ರೋಬಾಟ್’ 60 ರೂಪಾಯಿಗೆ ತಂದೆ ಸ್ವಾಮಿ. ಅಂಗಡಿಯವರು 150 ಅಂದರು, ನಾನು 40 ಅಂದೆ. ಎರಡು ಸಲ ಅಂಗಡಿ ಬಿಟ್ಟು ಹೊರಟೆ. ಮಳೆ ಬಂತು, 60ಕ್ಕೆ ಕೊಟ್ಟರು. ಬಸ್ಸು 46, ಟೀ 15. ಮುಖಪುಟದಲ್ಲಿ 2004ರ ಸಿನಿಮಾದ ವಿಲ್ ಸ್ಮಿತ್. ಆ ಸಿನಿಮಾದ ಕಥೆ ಒಳಗೆ ಎಲ್ಲೂ ಇಲ್ಲ ಅಂತ ಮನೆಗೆ ಬಂದ ಮೇಲೆ ಗೊತ್ತಾಯ್ತು. ಒಂದು ವಾರ ಸಿಟ್ಟಲ್ಲಿ ಮುಟ್ಟಲಿಲ್ಲ. ಆಮೇಲೆ ‘ರನ್‌ಅರೌಂಡ್’ ಓದಿದೆ. ಬುಧಗ್ರಹದಲ್ಲಿ ಸ್ಪೀಡಿ ಅನ್ನೋ ರೋಬಾಟ್ ಸೆಲೆನಿಯಂ ಹೊಂಡದ ಸುತ್ತ ಕುಡುಕನ ಹಾಗೆ ಹಾಡುತ್ತಾ ಸುತ್ತುತ್ತದೆ. ಸೆಲೆನಿಯಂ ತಾ ಅಂತ ಹೇಳಿದ್ದೂ ಸುಮ್ನೆ ಹೇಳಿದ್ದು, ಹೊಂಡದ ಹತ್ತಿರ ಅಪಾಯ, ಪ್ರಾಣಭಯವೂ ಅದಕ್ಕೆ ಜಾಸ್ತಿ ಇಟ್ಟಿದ್ದಾರೆ. ಹಾಗಾಗಿ ಹೋಗಲೂ ಆಗದು, ಬಿಡಲೂ ಆಗದು. ನಾನು ಕೆಲಸ ಮಾಡೋ ಆಫೀಸೇ ಕಣ್ಣ ಮುಂದೆ ಬಂತು.

ಅರ್ಧ ಅನುವಾದಕಿ: ಕನ್ನಡ ಮಾಧ್ಯಮ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ತಂಗಿಯ ಮಗಳಿಗಾಗಿ ಗ್ಲೋರಿಯಾ ಅನ್ನೋ ಪುಟ್ಟ ಹುಡುಗಿಯನ್ನು ನೋಡಿಕೊಳ್ಳುವ ರೋಬಾಟ್ ಕಥೆ ‘ರೋಬಿ’ಯನ್ನು ಕನ್ನಡಕ್ಕೆ ಮಾಡಿದೆ. ನಾಲ್ಕು ತಿಂಗಳು. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ರೋಬಿ ಬಂದನೋ, ಬಂದಿತೋ? ಇಂಗ್ಲಿಷಿನಲ್ಲಿ ಒಂದು ಪದ ಬದಲಿಸಿದರೆ ಆಯ್ತು. ನಮ್ಮಲ್ಲಿ ಓಡಿತು, ಕೂತಿತು, ಎತ್ತಿಕೊಂಡಿತು ಅಂತ ಪ್ರತಿ ಕ್ರಿಯಾಪದದ ಬಾಲವೂ ಬದಲಾಗಬೇಕು. ಮೊದಲು ಪೂರ್ತಿ ‘ಅದು’ ಅಂತ ಬರೆದೆ. ಪುಟ್ಟಿ ಓದಿ, “ದೊಡ್ಡಮ್ಮ, ಗ್ಲೋರಿಯಾ ಅಳ್ತಿರೋದು ಫ್ರೆಂಡ್‌ಗೋಸ್ಕರ ಅಲ್ವಾ, ಮಿಕ್ಸಿಗೋಸ್ಕರಾನಾ?” ಅಂದಳು. ಪೂರ್ತಿ ತಿದ್ದಿದೆ. ಟೈಪ್ ಮಾಡಿಸಲು 34 ಪುಟಕ್ಕೆ 30ರಂತೆ 1,020, ತಿದ್ದುಪಡಿಗೆ ಪುಟಕ್ಕೆ 12ರಂತೆ 408, ಐದು ಸ್ಪೈರಲ್ ಪ್ರತಿಗೆ 225. ಒಟ್ಟು 1,653. ಪ್ರಕಾಶಕರೊಬ್ಬರು ಓದಿ ಹೊಗಳಿ, “ಹಕ್ಕು ತಂದಿದ್ದೀರಾ?” ಅಂದರು. ಅಸಿಮೋವ್ ತೀರಿದ್ದು 1992ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕ ತೀರಿದ ಮೇಲೂ 60 ವರ್ಷ ಹಕ್ಕು ಇರುತ್ತದೆ. 2053ಕ್ಕೆ ಬನ್ನಿ ಅಂದಂತಾಯ್ತು. ಆಗ ಪುಟ್ಟಿಯ ಮಕ್ಕಳು ಓದಬಹುದು.

ದಪ್ಪ ಪುಸ್ತಕ: ರೋಬಾಟ್ ಅಂದರೆ ‘ಅದು’. ಕಬ್ಬಿಣಕ್ಕೆ ‘ಅವನು’ ಎಂಥದ್ದು ಮೇಡಂ?

ಅರ್ಧ ಅನುವಾದಕಿ: ಕಥೆಯಲ್ಲಿ ಗ್ಲೋರಿಯಾಳ ಅಮ್ಮನೂ ಇದೇ ಮಾತು ಹೇಳಿ, ರೋಬಿಯನ್ನು ಕಳಿಸಿ ನಾಯಿ ತಂದುಕೊಡುತ್ತಾಳೆ. ನೀವು ಆ ಪಾರ್ಟಿ ಅಂತ ಗೊತ್ತಾಯ್ತು. 31 ಕಥೆ ಓದಿ ಇಷ್ಟೇನಾ ಸರ್?

ಚಾಪೆಕ್ ಶಿಷ್ಯ: ಕಬ್ಬಿಣ ಅಂದವರು ಯಾರು? ‘ರೋಬಾಟ್’ ಅನ್ನೋ ಪದ ಬಂದಿದ್ದೇ ಚೆಕ್ ಲೇಖಕ ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ ನಾಟಕದಿಂದ, 1920. ಪದ ಕೊಟ್ಟವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊತಾ’ ಅಂದರೆ ಬಿಟ್ಟಿ ಚಾಕರಿ. ಆ ನಾಟಕದ ರೋಬಾಟ್‌ಗಳು ಲೋಹದವಲ್ಲ, ಥೇಟ್ ಮನುಷ್ಯರ ಹಾಗೇ ಇರುತ್ತವೆ. ಇದು ನನಗೆ ಗೊತ್ತಾಗಿದ್ದು ಹೇಗೆ ಅಂತ ಕೇಳಿ. ಕಾಲೇಜಿನಲ್ಲಿ ನಾವು ಆಡಿಸಿದೆವು. ರಟ್ಟು 180, ಬೆಳ್ಳಿ ಬಣ್ಣ 340, ತಲೆಗೆ ಡಾಲ್ಡಾ ಡಬ್ಬ. ನನ್ನ ಕುತ್ತಿಗೆಗೆ ಬಣ್ಣ ಹತ್ತಿ ಹತ್ತು ದಿನ ತುರಿಕೆ. ತೀರ್ಪುಗಾರರು ವೇದಿಕೆ ಮೇಲೇ, “ನಾಟಕ ಓದಿದ್ದೀರಾ?” ಅಂದರು. ಬಹುಮಾನ ಇಲ್ಲ. ಇನ್ನೊಂದು, ‘ಐ, ರೋಬಾಟ್’ ಅನ್ನೋ ಹೆಸರೂ ಅಸಿಮೋವ್‌ದಲ್ಲ. 1939ರಲ್ಲೇ ಈಯಾಂಡೊ ಬೈಂಡರ್ ಹೆಸರಿನಲ್ಲಿ ಅದೇ ಶೀರ್ಷಿಕೆಯ ಕಥೆ ಬಂದಿತ್ತು. ಕದ್ದ ಹೆಸರು.

ಅವೆನ್ಯೂ ರಸ್ತೆ ಅಲೆಮಾರಿ: ಕದ್ದಿದ್ದು ಅಂತ ಬಾಯಿಗೆ ಬಂದಂತೆ ಹೇಳಬೇಡಿ. ಅಸಿಮೋವ್ ಇಟ್ಟಿದ್ದು ‘ಮೈಂಡ್ ಅಂಡ್ ಐರನ್’. 1950ರಲ್ಲಿ ಪ್ರಕಾಶಕರು ಅವರ ಮಾತು ಕೇಳದೆ ಬದಲಿಸಿದರು. ತುರಿಕೆಯ ಸಿಟ್ಟು ಅಸಿಮೋವ್ ಮೇಲೆ ಯಾಕೆ?

ಸುಮ್ಮನೆ ಓದುವವಳು: ಹೆಸರಿನ ಜಗಳ ಬಿಡಿ. ‘ಐ, ರೋಬಾಟ್’ನ ‘ಲೈಯರ್’ ಕಥೆ ಮಾತ್ರ ಮಗುವಿಗೆ ಈಗಲೇ ಬೇಡ. ನನಗೆ ನೋಡಿದ್ದ ಮದುವೆ ಸಂಬಂಧ ಮುರಿದ ವರ್ಷ ಅದನ್ನು ಓದಿದೆ. ಮನಸ್ಸು ಓದುವ ರೋಬಾಟ್ ಹರ್ಬಿ. ಯಾರಿಗೂ ನೋವಾಗಬಾರದು ಅಂತ ಎಲ್ಲರಿಗೂ ಅವರಿಗೆ ಬೇಕಾದ್ದನ್ನೇ ಹೇಳುತ್ತದೆ. ನಿನ್ನ ಸಹೋದ್ಯೋಗಿ ನಿನ್ನನ್ನೇ ಪ್ರೀತಿಸುತ್ತಾನೆ ಅಂತ ರೋಬಾಟ್ ಮನಶ್ಶಾಸ್ತ್ರಜ್ಞೆ ಸೂಸಾನ್ ಕ್ಯಾಲ್ವಿನ್‌ಗೂ ಹೇಳುತ್ತದೆ. ಪಾಪ, ಅವಳು ಲಿಪ್‌ಸ್ಟಿಕ್ ಹಚ್ಚಲು ಶುರು ಮಾಡುತ್ತಾಳೆ. ಒಂದು ದಿನ ಆತ ಮನೆಯ ನಕ್ಷೆ ತೋರಿಸಿ, ಬೇರೆಯವಳ ಜೊತೆ ಮದುವೆ ಅನ್ನುತ್ತಾನೆ. ನಮ್ಮ ಬ್ರೋಕರ್ ಕೂಡ ಹರ್ಬಿಯೇ. “ಹುಡುಗ ಒಪ್ಪಿದ್ದಾನೆ, ಸ್ವಲ್ಪ ನಾಚಿಕೆ ಅಷ್ಟೇ” ಅಂತ ಮೂರು ತಿಂಗಳು ಹೇಳಿದರು. ಕ್ಯಾಲ್ವಿನ್ ಕೊನೆಗೆ ಉತ್ತರವೇ ಇಲ್ಲದ ಪ್ರಶ್ನೆ ಕೇಳಿ ಹರ್ಬಿಗೆ ಹುಚ್ಚು ಹಿಡಿಸುತ್ತಾಳೆ. ಅದನ್ನು ನಾನು ಬ್ರೋಕರ್‌ಗೆ ಮಾಡಲಿಲ್ಲ, 5,000 ಅಡ್ವಾನ್ಸ್ ಮಾತ್ರ ವಾಪಸ್ ಕೇಳಿದೆ. ಬಂದಿಲ್ಲ.

ಚಾಪೆಕ್ ಶಿಷ್ಯ: ಅಸಿಮೋವ್ ಬಿಟ್ಟು ಬೇರೆ ಯಾರನ್ನೂ ಓದಲ್ವಾ ನೀವೆಲ್ಲ? ಪೋಲೆಂಡಿನ ಕಥೆಗಾರ ಲೆಮ್ ಓದಿಸಿ. ಅವನ ಒಂದು ಕಥೆಯಲ್ಲಿ ‘ನ’ದಿಂದ ಶುರುವಾಗುವ ಎಲ್ಲವನ್ನೂ ಮಾಡುವ ಯಂತ್ರ ಇದೆ. ಯಂತ್ರ ಮಾಡಿದವನ ಗೆಳೆಯ ಬಂದು ‘ಏನೂ ಇಲ್ಲ’ (ಇಂಗ್ಲಿಷಿನಲ್ಲಿ ‘ನಥಿಂಗ್’) ಅನ್ನೋದನ್ನು ಮಾಡು ಅಂತಾನೆ. ಯಂತ್ರ ಲೋಕವನ್ನೇ ಒಂದೊಂದಾಗಿ ಅಳಿಸಲು ಶುರು ಮಾಡುತ್ತದೆ. ಇದು ಕನ್ನಡಕ್ಕೆ ಬರೋದೇ ಇಲ್ಲ, ನಮ್ಮಲ್ಲಿ ಅದು ‘ಶೂನ್ಯ’.

ಅರ್ಧ ಅನುವಾದಕಿ: ‘ನಾಸ್ತಿ’.

ಚಾಪೆಕ್ ಶಿಷ್ಯ: ಮಕ್ಕಳಿಗೆ ‘ನಾಸ್ತಿ’ ಅರ್ಥ ಆಗುತ್ತಾ?

ಅರ್ಧ ಅನುವಾದಕಿ: ಡಾಲ್ಡಾ ಡಬ್ಬಕ್ಕಿಂತ ಬೇಗ ಆಗುತ್ತೆ.

ಶಿರಸಿ ಅಮ್ಮ: ಎಲ್ಲ ಸರಿ. 600 ರೂಪಾಯಿಗೆ ಯಾವುದು?

ಅವೆನ್ಯೂ ರಸ್ತೆ ಅಲೆಮಾರಿ: ‘ಐ, ರೋಬಾಟ್’ ಅಕ್ಕ. ಮುದುಕಿ ಕ್ಯಾಲ್ವಿನ್ ಪತ್ರಕರ್ತನಿಗೆ ಹೇಳಿಕೊಂಡು ಹೋಗುವ ಹಾಗೆ ಇದೆ, ಹುಡುಗಿಗೆ ಹಿಡಿತ ಸಿಗುತ್ತೆ. ದಪ್ಪ ಪುಸ್ತಕದಲ್ಲಿ ಆ ಜೋಡಣೆಯೇ ಇಲ್ಲ. ನನ್ನ ಹತ್ರ ಇನ್ನೊಂದು ಪ್ರತಿ ಇದೆ, ಅಂಚೆ ಖರ್ಚು ಕೊಟ್ಟರೆ ಸಾಕು. ಮುಖಪುಟ ಹರಿದಿದೆ, ಅದು ಒಳ್ಳೇದೇ.

ದಪ್ಪ ಪುಸ್ತಕ: ಅದರಲ್ಲಿ 9 ಕಥೆ. ನನ್ನದರಲ್ಲಿ 31. ಕಥೆಗೆ 29 ರೂಪಾಯಿ ಬೀಳುತ್ತೆ, ಲೆಕ್ಕ ಹಾಕಿ ನೋಡಿ.

ಅವೆನ್ಯೂ ರಸ್ತೆ ಅಲೆಮಾರಿ: ನನಗೆ 6 ಚಿಲ್ಲರೆ.

ದಪ್ಪ ಪುಸ್ತಕ: ಬಸ್ಸು, ಟೀ ಸೇರಿಸಿ ಹೇಳಿ.