ಜರ್ಮನಿಯೊಳಗೆ ಹಿಟ್ಲರನನ್ನು ಎದುರಿಸಿದವರ ಕತೆ: ಪಾಡ್‌ಕಾಸ್ಟ್‌ನಲ್ಲಿ ಪಾತ್ರಗಳಿಗೆ ದನಿ ಕೊಡಬೇಕೇ, ಬೇಡವೇ?

ಶ್ರವಣ_ಮೈಸೂರು:
ಎಲ್ಲರಿಗೂ ನಮಸ್ಕಾರ. ಗೆಳೆಯರು ಸೇರಿ ಒಂದು ಕನ್ನಡ ಪಾಡ್‌ಕಾಸ್ಟ್ ಸರಣಿಗೆ ಕೈಹಾಕಿದ್ದೇವೆ. ಯುದ್ಧದ ವರ್ಷಗಳಲ್ಲಿ ಜರ್ಮನಿಯಲ್ಲೇ ಇದ್ದುಕೊಂಡು ನಾಜಿಗಳ ವಿರುದ್ಧ ನಿಂತವರ ಕತೆಗಳು. ಮೊದಲ ಕಂತು ಮ್ಯೂನಿಕ್‌ನ ‘ಬಿಳಿ ಗುಲಾಬಿ’ ಗುಂಪಿನದು. 1943ರ ಫೆಬ್ರವರಿ 18ರಂದು ಹಾನ್ಸ್ ಶೋಲ್ ಮತ್ತು ತಂಗಿ ಸೋಫಿ ಸೂಟ್‌ಕೇಸಿನಲ್ಲಿ ಕರಪತ್ರ ತುಂಬಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದರು. ಒಳಗೆ ಪಾಠ ನಡೀತಿತ್ತು. ಮುಚ್ಚಿದ ಬಾಗಿಲುಗಳ ಮುಂದೆ ಕಟ್ಟುಕಟ್ಟಾಗಿ ಇಟ್ಟರು. ಉಳಿದ ಒಂದು ಕಟ್ಟನ್ನು ಸೋಫಿ ಮೇಲಿನ ಮಹಡಿಯ ಕಟಾಂಜನದಿಂದ ಕೆಳಗಿನ ಅಂಗಳಕ್ಕೆ ತಳ್ಳಿದಳು. ಕಾವಲುಗಾರ ಯಾಕೋಬ್ ಶ್ಮಿಡ್ ನೋಡಿ ಹಿಡಿದ. 22ಕ್ಕೆ ವಿಚಾರಣೆ, ಅದೇ ದಿನ ಗಿಲೊಟಿನ್. ಸೋಫಿಗೆ 21 ವರ್ಷ, ಹಾನ್ಸ್‌ಗೆ 24, ಜೊತೆಗೆ ಸತ್ತ ಕ್ರಿಸ್ಟೋಫ್ ಪ್ರೋಬ್ಸ್ಟ್‌ಗೆ 23. ಪ್ರೋಬ್ಸ್ಟ್ ಮೂರು ಮಕ್ಕಳ ತಂದೆ.

ನಮ್ಮಲ್ಲಿ ಜಗಳ ಬಂದಿರೋದು ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸರು ನಡೆಸಿದ ವಿಚಾರಣೆಯ ದೃಶ್ಯಕ್ಕೆ. ಸೋಫಿಯ ಪಾತ್ರಕ್ಕೆ ಒಬ್ಬ ನಟಿ, ಅಧಿಕಾರಿ ರಾಬರ್ಟ್ ಮೋರ್‌ಗೆ ಒಬ್ಬ ನಟ ಅಂತ ಬರೆದಿದ್ದೇನೆ. ‘ಸತ್ತವಳ ಬಾಯಿಗೆ ನಮ್ಮ ಮಾತು ತುರುಕೋದು ತಪ್ಪು’ ಅಂತ ಒಬ್ಬ ಗೆಳತಿ ಪಟ್ಟು ಹಿಡಿದಿದ್ದಾಳೆ. ನಿಮ್ಮ ಅಭಿಪ್ರಾಯ ಹೇಳಿ.

ಅರ್ಥಧಾರಿ_ಪುತ್ತೂರು:
ದನಿ ಕೊಡಿ ಮಾರಾಯ್ರೆ, ಅದರಲ್ಲಿ ಯೋಚನೆ ಮಾಡ್ಲಿಕ್ಕೆ ಏನುಂಟು? ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿ ಶಾಲು ಹೊದ್ದು ಕೂತು ಕೃಷ್ಣನಾಗಿ ಮಾತಾಡ್ತಾನೆ. ಕೃಷ್ಣ ಹೀಗೇ ಹೇಳಿದ ಅಂತ ಸಭೆಯಲ್ಲಿ ಯಾರೂ ನಂಬುವುದಿಲ್ಲ. ಭಾಗವತರ ಪದ್ಯ ಎಷ್ಟು, ಇವನು ಬೆಳೆಸಿದ್ದು ಎಷ್ಟು ಅಂತ ಕೇಳುವವನಿಗೆ ಗೊತ್ತಿರ್ತದೆ. ನಮ್ಮ ಕಿವಿಗೆ ಆ ಅಭ್ಯಾಸ ಉಂಟು. ಬರೀ ದಿನಾಂಕ, ಹೆಸರು ಓದಿದರೆ ಎರಡನೇ ನಿಮಿಷಕ್ಕೆ ಜನ ಬೇರೆ ಏನೋ ಹಾಕಿಕೊಳ್ತಾರೆ. ಆಗ ನಿಮ್ಮ ಸೋಫಿಯ ಹೆಸರೂ ಕನ್ನಡದಲ್ಲಿ ಉಳಿಯುವುದಿಲ್ಲ.

ಮ್ಯೂನಿಕ್_ಕನ್ನಡತಿ:
ಶ್ರವಣ ಅವರೇ, ನಾನು ನಿಮ್ಮ ಗೆಳತಿಯ ಪರ. ಆ ವಿಶ್ವವಿದ್ಯಾಲಯದ ಎದುರು ನಡೆದಾಡುವವಳು ನಾನು. ಕರಪತ್ರಗಳು, ಅವರ ಮುಖಗಳು ಬಾಗಿಲ ಮುಂದಿನ ನೆಲಹಾಸಿನಲ್ಲೇ ಹುದುಗಿವೆ, ಈಗ ತಾನೇ ಗಾಳಿಗೆ ಚೆಲ್ಲಾಡಿದ ಹಾಗೆ. ಯಾವ ಮಾತೂ ಸೇರಿಸಿಲ್ಲ. ಅವರು ಅಚ್ಚು ಹಾಕಿದ್ದು ಏನೋ ಅದೇ.

ಇಲ್ಲಿನ ಎರಡು ಸಾರ್ವಜನಿಕ ಪ್ರಸಾರ ಸಂಸ್ಥೆಗಳು 2021ರಲ್ಲಿ, ಸೋಫಿ ಹುಟ್ಟಿ ನೂರು ವರ್ಷ ತುಂಬಿದಾಗ, ಇನ್‌ಸ್ಟಾಗ್ರಾಂನಲ್ಲಿ ಅವಳ ಹೆಸರಿನ ಖಾತೆ ತೆರೆದವು. ನಟಿಯೊಬ್ಬಳು ಸೋಫಿಯಾಗಿ ಸೆಲ್ಫಿ ವಿಡಿಯೊ ಹಾಕುತ್ತಿದ್ದಳು. ಲಕ್ಷಗಟ್ಟಲೆ ಜನ ಹಿಂಬಾಲಿಸಿದರು, ಅನೇಕರು ಅವಳ ಜೊತೆಗೇ ಮಾತಾಡುವಂತೆ ಕಮೆಂಟ್ ಬರೆದರು. ದಾಖಲೆ ಯಾವುದು, ಬರಹಗಾರರ ಕಲ್ಪನೆ ಯಾವುದು ಅಂತ ಗೆರೆಯೇ ಅಳಿಸಿಹೋಯಿತು ಅಂತ ದೊಡ್ಡ ಟೀಕೆ ಬಂತು. ಅದಕ್ಕೂ ಹಿಂದೆ, 2020ರ ನವೆಂಬರ್‌ನಲ್ಲಿ, ಹನೋವರ್‌ನಲ್ಲಿ ಕೊರೊನಾ ನಿಯಮಗಳ ವಿರುದ್ಧ ನಡೆದ ಸಭೆಯಲ್ಲಿ ಒಬ್ಬ ಯುವತಿ ವೇದಿಕೆ ಹತ್ತಿ ‘ನನಗೆ ಸೋಫಿ ಶೋಲ್ ಅನ್ನಿಸುತ್ತಿದೆ’ ಅಂದಳು. ಸೋಫಿಯನ್ನು ಯಾರು ಬೇಕಾದರೂ ತೊಟ್ಟುಕೊಳ್ಳಬಹುದಾದ ಪಾತ್ರ ಮಾಡಿಟ್ಟರೆ ಆಗುವುದು ಇದೇ.

ಅರ್ಥಧಾರಿಯವರ ಮಾತಿಗೆ ನನ್ನ ಉತ್ತರ: ಕೃಷ್ಣಸಂಧಾನದ ಪದ್ಯ ನಿಮ್ಮ ಸಭೆಗೆ ಮೊದಲೇ ಗೊತ್ತು. ಸೋಫಿಯ ಪದ್ಯ ಕನ್ನಡ ಕೇಳುಗರಿಗೆ ಗೊತ್ತಿಲ್ಲ. ಪದ್ಯವನ್ನೇ ಕೇಳಿಸದೆ ಅರ್ಥ ಹೇಳಲು ಕೂತರೆ ಹೇಗೆ?

ಅರ್ಥಧಾರಿ_ಪುತ್ತೂರು:
ಆ ಮಾತು ಒಪ್ಪತಕ್ಕದ್ದೇ. ಹಾಗಾದರೆ ಪದ್ಯ ಮೊದಲು ಕೇಳಿಸಲಿ, ಮತ್ತೆ ಅರ್ಥ. ಆದರೆ ಅರ್ಥವೇ ಬೇಡ ಅನ್ನಬೇಡಿ. ಮೊದಲು ಎಲ್ಲವನ್ನೂ ಅಲ್ಲಗಳೆದ ಹುಡುಗಿ, ಅಣ್ಣ ಒಪ್ಪಿಕೊಂಡ ಅಂತ ತಿಳಿದ ಮೇಲೆ ‘ಹೌದು, ನಾನೂ ಮಾಡಿದ್ದೇನೆ’ ಅಂತ ಹೊಣೆ ಹೊರುವುದು ಉಂಟಲ್ಲ, ಆ ತಿರುವು ಕೇಳುವವನ ಎದೆಗೆ ತಾಗಬೇಕಾದರೆ ಮನುಷ್ಯನ ದನಿ ಬೇಕು.

ನಿವೃತ್ತ_ಇತಿಹಾಸ_ಮೇಷ್ಟ್ರು:
ಆ ತಿರುವು ನಮಗೆ ಗೊತ್ತಾಗಿರುವುದು ಎಲ್ಲಿಂದ? ಪೊಲೀಸರು ಬರೆದಿಟ್ಟ ವಿಚಾರಣಾ ವರದಿಯಿಂದ. ಅದು ಅವಳಾಡಿದ ಮಾತಿನ ಯಥಾವತ್ ದಾಖಲೆಯಲ್ಲ. ಪ್ರಶ್ನೆ ಕೇಳಿದವರು ತಮಗೆ ಬೇಕಾದ ಹಾಗೆ ಬರೆಸಿದ್ದು. ಅದನ್ನು ಸಂಭಾಷಣೆ ಮಾಡಿಬಿಟ್ಟರೆ ಗೆಸ್ಟಾಪೊ ಗುಮಾಸ್ತನ ಭಾಷೆಯನ್ನು ಸೋಫಿಯ ಭಾಷೆ ಅಂತ ಮಾರಿದಂತಾಗುತ್ತದೆ. ವರದಿಯನ್ನು ವರದಿಯಾಗಿಯೇ ಓದಿ. ಬರೆದವರು ಯಾರು ಅಂತ ಓದುವ ಮೊದಲೇ ಹೇಳಿ.

ಇನ್ನೊಂದು. ನಿಜವಾದ ದನಿ ಉಳಿದಿರುವ ಕಡೆ ನಟರೇಕೆ? 1944ರ ಜುಲೈ 20ರಂದು ಜರ್ಮನ್ ಸೇನಾಧಿಕಾರಿ ಶ್ಟೌಫೆನ್‌ಬೆರ್ಗ್ ಇಟ್ಟ ಬಾಂಬಿನಿಂದ ಹಿಟ್ಲರ್ ಪಾರಾದ ಮೇಲೆ ಸಿಕ್ಕಿಬಿದ್ದವರನ್ನು ಬರ್ಲಿನ್ನಿನ ‘ಜನತಾ ನ್ಯಾಯಾಲಯ’ಕ್ಕೆ ತಂದರು. ನ್ಯಾಯಾಧೀಶ ರೋಲಾಂಡ್ ಫ್ರೈಸ್ಲರ್. ಶೋಲ್ ಅಣ್ಣತಂಗಿಗೆ ಮರಣದಂಡನೆ ಕೊಟ್ಟವನೂ ಇವನೇ. ಈ ಸಲ ಪ್ರಚಾರಕ್ಕೆಂದು ನಾಜಿಗಳೇ ಚಿತ್ರೀಕರಿಸಿದರು. ಧ್ವನಿ ಹಿಡಿಯುವವರಿಗೇ ತೊಂದರೆಯಾಗುವಷ್ಟು ಜೋರಾಗಿ ಅವನು ಅರಚಿದ್ದಾನೆ. ಆ ಸುರುಳಿಯಲ್ಲಿ ಶ್ವೆರೀನ್ ಫಾನ್ ಶ್ವಾನೆನ್‌ಫೆಲ್ಡ್ ಎಂಬ ಅಧಿಕಾರಿ ನಿಂತಿದ್ದಾನೆ. ಯಾಕೆ ಸೇರಿದೆ ಎಂಬ ಪ್ರಶ್ನೆಗೆ ತಗ್ಗಿದ ದನಿಯಲ್ಲಿ, ‘ಆ ಅನೇಕ ಕೊಲೆಗಳನ್ನು ನೆನೆದೆ’ ಅನ್ನುತ್ತಾನೆ. ‘ಕೊಲೆಗಳು?’ ಅಂತ ಫ್ರೈಸ್ಲರ್ ಎರಗುತ್ತಾನೆ. ‘ದೇಶದೊಳಗೆ, ಹೊರಗೆ...’ ಅನ್ನುವಷ್ಟರಲ್ಲಿ ಅರಚಾಟ ಅವನನ್ನು ಮುಳುಗಿಸಿಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ತರಗತಿಯಲ್ಲಿ ಆ ತುಣುಕನ್ನು ಚಿತ್ರವಿಲ್ಲದೆ ಬರೀ ಕೇಳಿಸುತ್ತಿದ್ದೆ. ಜರ್ಮನ್ ಒಂದಕ್ಷರ ಬಾರದ ಮಕ್ಕಳಿಗೂ ಅಲ್ಲಿ ಏನು ನಡೆಯುತ್ತಿದೆ ಎಂದು ಅರ್ಥವಾಗುತ್ತಿತ್ತು.

ಅರ್ಥಧಾರಿ_ಪುತ್ತೂರು:
ಆದರೆ ಮೇಷ್ಟ್ರೇ, ಹಾಗೆ ಮಾಡಿದರೆ ಕಂತಿನ ಮುಕ್ಕಾಲು ಪಾಲು ಫ್ರೈಸ್ಲರನದ್ದೇ ಆರ್ಭಟ ಆಗ್ತದೆ. ಸರಣಿ ಯಾರ ಬಗ್ಗೆ?

ನಿವೃತ್ತ_ಇತಿಹಾಸ_ಮೇಷ್ಟ್ರು:
ಅರ್ಧ ನಿಮಿಷ ಸಾಕು. ಆಮೇಲೆ ನಿಲ್ಲಿಸಿ, ಶ್ವೆರೀನ್ ಯಾವ ಕೊಲೆಗಳನ್ನು ಹೇಳಹೊರಟಿದ್ದ ಅಂತ ನಿರೂಪಕರು ಹೇಳಲಿ. ನಾಜಿಗಳು ಮುಗಿಸಲು ಬಿಡದ ವಾಕ್ಯ ಅದು. ಪೋಲೆಂಡಿನ ಹತ್ಯೆಗಳು ಅಲ್ಲಿ ಬರಲೇಬೇಕು.

ಹಾಗೆಯೇ ಎಲ್ಲರನ್ನೂ ಒಂದೇ ಸಮ ವೀರರನ್ನಾಗಿ ಮಾಡಬೇಡಿ. ಜುಲೈ 20ರ ಸಂಚಿನಲ್ಲಿದ್ದ ಆರ್ಟುರ್ ನೇಬೆ 1941ರಲ್ಲಿ ಸೋವಿಯತ್ ನೆಲದಲ್ಲಿ ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ದಳದ ಮುಖ್ಯಸ್ಥ. ಇನ್ನು ಮ್ಯೂನಿಕ್‌ನಲ್ಲಿ, ಶೋಲ್ ಅಣ್ಣತಂಗಿ ಸತ್ತ ದಿನಗಳಲ್ಲೇ, ವಿಶ್ವವಿದ್ಯಾಲಯದ ಸಭೆಯಲ್ಲಿ ನೂರಾರು ವಿದ್ಯಾರ್ಥಿಗಳು ಅವರನ್ನು ಹಿಡಿದುಕೊಟ್ಟ ಶ್ಮಿಡ್‌ಗೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಬಿಟ್ಟರೆ ಕೇಳುಗರು ಜರ್ಮನಿಯ ತುಂಬ ಸೋಫಿಯರೇ ಇದ್ದರು ಅಂದುಕೊಳ್ಳುತ್ತಾರೆ. ಅದು ಸುಳ್ಳು ಇತಿಹಾಸ.

ಮ್ಯೂನಿಕ್_ಕನ್ನಡತಿ:
ಮೇಷ್ಟ್ರು ಹೇಳಿದ ಈ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಯುದ್ಧ ಮುಗಿದ ಮೇಲೂ ಜುಲೈ 20ರವರನ್ನು ‘ದೇಶದ್ರೋಹಿಗಳು’ ಅನ್ನುವವರು ಇಲ್ಲಿ ಕಡಿಮೆಯಿರಲಿಲ್ಲ. 1952ರಲ್ಲಿ ಬ್ರೌನ್‌ಶ್ವೈಗ್‌ನಲ್ಲಿ ಫ್ರಿಟ್ಸ್ ಬೌಅರ್ ಎಂಬ ಪ್ರಾಸಿಕ್ಯೂಟರ್ ಮೊಕದ್ದಮೆ ನಡೆಸಿ ಅವರ ಗೌರವ ಉಳಿಸಬೇಕಾಯಿತು.

ಕೆಜಿಎಫ್_ರಾತ್ರಿಪಾಳಿ:
ನಾನು ರಾತ್ರಿ ಪಾಳಿ ಕೆಲಸ ಮಾಡ್ತಾ ಪಾಡ್‌ಕಾಸ್ಟ್ ಕೇಳೋನು. ಶ್ರವಣ ಅಣ್ಣ, ಮೊದಲ ಕಂತು ಸೋಫಿಯದೇ ಯಾಕೆ? ಎಲ್ಲ ಭಾಷೇಲೂ ಅವರಿಂದಲೇ ಶುರು. ಹ್ಯಾಂಬರ್ಗ್‌ನ ಹೆಲ್ಮುತ್ ಹ್ಯೂಬೆನರ್ ಕತೆ ಕಿವಿಗೇ ಹೇಳಿ ಮಾಡಿಸಿದ್ದು. ಯುದ್ಧ ಶುರುವಾದ 1939ರ ಸೆಪ್ಟೆಂಬರ್ 1ರಿಂದಲೇ ಪರದೇಶದ ರೇಡಿಯೊ ಕೇಳೋದು ಅಪರಾಧ. ಕೇಳಿದ್ದನ್ನ ಹಬ್ಬಿಸಿದ್ರೆ ತಲೆನೇ ಹೋಗಬಹುದು. ಈ ಹುಡುಗ, ಆಫೀಸ್ ಕೆಲಸ ಕಲೀತಿದ್ದೋನು, ಅಣ್ಣ ಫ್ರಾನ್ಸ್‌ನಿಂದ ತಂದ ಶಾರ್ಟ್‌ವೇವ್ ರೇಡಿಯೊದಲ್ಲಿ ರಾತ್ರಿ ಬಿಬಿಸಿಯ ಜರ್ಮನ್ ಸುದ್ದಿ ಹಿಡೀತಿದ್ದ. ಕೇಳಿದ್ದನ್ನ ಟೈಪ್ ಮಾಡಿ, ಕಾರ್ಬನ್ ಪ್ರತಿ ತೆಗೆದು, ಟೆಲಿಫೋನ್ ಬೂತು, ಅಂಚೆ ಡಬ್ಬಿಗಳಲ್ಲಿ ಬಿಟ್ಟುಬರ್ತಿದ್ದ. 1942ರ ಫೆಬ್ರವರೀಲಿ ಹಿಡಿದ್ರು, ಅಕ್ಟೋಬರ್ 27ಕ್ಕೆ ಬರ್ಲಿನ್‌ನ ಪ್ಲೋಟ್ಸೆನ್‌ಸೇ ಜೈಲಲ್ಲಿ ತಲೆ ಕಡಿದ್ರು. ವಯಸ್ಸು 17. ಅವನು ಮಾಡಿದ ತಪ್ಪು ಕಿವಿಗೊಟ್ಟು ಕೇಳಿದ್ದು, ಕೇಳಿದ್ದನ್ನ ನಾಲ್ಕು ಜನಕ್ಕೆ ಹೇಳಿದ್ದು. ನಾವು ಇಯರ್‌ಫೋನ್ ಹಾಕ್ಕೊಂಡು ಕೇಳೋರು ಇವನ ಕತೇನ ಮೊದಲು ಕೇಳಬೇಕು. ಆ ಬಿಬಿಸಿ ಡ್ರಮ್ ಸದ್ದು, ಮೂರು ಗಿಡ್ಡ ಒಂದು ಉದ್ದ, ತೀರಾ ಸಣ್ಣ ವಾಲ್ಯೂಮಲ್ಲಿ ಹಾಕಿ. ಪಕ್ಕದ ಮನೆಗೆ ಕೇಳಬಾರದು ಅನ್ನೋ ಭಯ ಅದರಲ್ಲೇ ಬರುತ್ತೆ. ಪಿಟೀಲು ಮಾತ್ರ ದಯವಿಟ್ಟು ಬೇಡ.

ಅರ್ಥಧಾರಿ_ಪುತ್ತೂರು:
ಇದು ಭೇಷಾಯ್ತು. ಸದ್ದಿನಲ್ಲೇ ಕಟ್ಟುವುದಾದರೆ ಗೇಯೋರ್ಗ್ ಎಲ್ಸರ್‌ನದ್ದೂ ಉಂಟು. ಬಡಗಿ. 1939ರಲ್ಲಿ ಮ್ಯೂನಿಕ್‌ನ ಬಿಯರ್ ಹಾಲಿನಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಅಡಗಿ ಕೂತು, ಹಿಟ್ಲರ್ ಭಾಷಣ ಮಾಡುವ ಜಾಗದ ಹಿಂದಿನ ಕಂಬವನ್ನು ಕೊರೆದ. ಶೌಚಾಲಯದಲ್ಲಿ ಆಗಾಗ ತಾನಾಗಿ ನೀರು ಬಿಡುವ ಸದ್ದಿಗೆ ಕಾದು, ಆಗ ಮಾತ್ರ ಜೋರಾಗಿ ಪೆಟ್ಟು ಹಾಕ್ತಿದ್ದನಂತೆ. ನವೆಂಬರ್ 8ರಂದು ಬಾಂಬ್ ಸಿಡಿಯುವ 13 ನಿಮಿಷ ಮೊದಲು ಹಿಟ್ಲರ್ ಎದ್ದು ಹೋಗಿದ್ದ. ಮಾತೇ ಇಲ್ಲದೆ ಐದು ನಿಮಿಷ ಕೇಳಿಸಬಹುದಾದ ಕತೆ.

ಮ್ಯೂನಿಕ್_ಕನ್ನಡತಿ:
ಎಂಟು ಜನ ಸತ್ತರು. ಅವರಲ್ಲಿ ಒಬ್ಬಳು ಅಲ್ಲಿ ಬಡಿಸುತ್ತಿದ್ದ ಹೆಂಗಸು. ಎಲ್ಸರ್‌ನನ್ನು ನಾನು ತುಂಬ ಗೌರವಿಸುತ್ತೇನೆ, ಆದರೂ ಅವಳನ್ನು ಬಿಟ್ಟು ಆ ಕಂತು ಮಾಡಬೇಡಿ.

ಶ್ರವಣ_ಮೈಸೂರು:
ಎಲ್ಲರಿಗೂ ಧನ್ಯವಾದ. ಗೆಳತಿಯ ಜೊತೆ ಕೂತು ಸ್ಕ್ರಿಪ್ಟ್ ಬದಲಿಸಿದ್ದೇವೆ. ಮೊದಲ ಕಂತು ಹ್ಯೂಬೆನರ್. ಸೋಫಿಯ ಕಂತಿನಲ್ಲಿ ನಟಿ ಇರುವುದಿಲ್ಲ. ಕರಪತ್ರವನ್ನೂ ಪೊಲೀಸ್ ವರದಿಯನ್ನೂ ಒಬ್ಬರೇ, ಇದು ಯಾರು ಬರೆದದ್ದು ಅಂತ ಹೇಳಿ ಓದುತ್ತಾರೆ. ಶ್ಮಿಡ್‌ಗೆ ಬಿದ್ದ ಚಪ್ಪಾಳೆಯೂ ಇರುತ್ತದೆ. ಬಿಳಿ ಗುಲಾಬಿಯ ಆರನೇ ಕರಪತ್ರ ಇನ್ನೊಬ್ಬ ನಾಜಿ ವಿರೋಧಿ ಮೋಲ್ಟ್ಕೆಯ ಕೈಯಿಂದ ಹೊರದೇಶ ಸೇರಿ, ಅದೇ ವರ್ಷ ಬ್ರಿಟಿಷ್ ವಿಮಾನಗಳಿಂದ ಜರ್ಮನಿಯ ಮೇಲೇ ಉದುರಿದ್ದಕ್ಕೆ ಕೊನೆಯ ಭಾಗ. ಶ್ವೆರೀನ್‌ನ ಮೂಲ ದನಿ ಅರ್ಧ ನಿಮಿಷ. ಎಲ್ಸರ್‌ನ ಕಂತಿನಲ್ಲಿ ಆ ಬಡಿಸುವ ಹೆಂಗಸು ಬರುತ್ತಾಳೆ.

ಅರ್ಥಧಾರಿಯವರೇ, ನಿಮ್ಮ ಮಾತನ್ನೂ ಕೈಬಿಟ್ಟಿಲ್ಲ. ಪ್ರತಿ ಕಂತಿನ ಕೊನೆಗೆ ಒಬ್ಬರು ತಮ್ಮ ಸ್ವಂತ ದನಿಯಲ್ಲಿ, ತಮ್ಮದೇ ಹೆಸರಿನಲ್ಲಿ ಅರ್ಥ ಹೇಳುತ್ತಾರೆ. ಹ್ಯೂಬೆನರ್ ಕಂತಿಗೆ ನೀವೇ ಕೂರುತ್ತೀರಾ?

ಅರ್ಥಧಾರಿ_ಪುತ್ತೂರು:
ಕೂರ್ತೇನೆ. ಅವನ ಕರಪತ್ರದ ಕನ್ನಡ ಪಾಠ ಮೊದಲು ಕಳಿಸಿ.