ಗ್ಯಾಸ್ ಮೆಷಿನ್ ಇಲ್ಲದ ಕಡೆ ಹೆಣ್ಣು ನಾಯಿಯ ಸಂತಾನಹರಣ: ಅರಿವಳಿಕೆ, ನೋವು ಎರಡನ್ನೂ ಹೇಗೆ ನಿಭಾಯಿಸೋದು?

ಮೂಡಿಗೆರೆ ವೆಟ್

ತಾಲ್ಲೂಕು ಮಟ್ಟದ ಚಿಕಿತ್ಸಾಲಯ. ಐಸೋಫ್ಲುರೇನ್ (ಉಸಿರಿನ ಮೂಲಕ ಕೊಡೋ ಅರಿವಳಿಕೆ) ಇಲ್ಲ. ಕೈಲಿರೋದು ಝೈಲಜೀನ್ (ಮಂಪರಿಗೆ), ಕೆಟಮಿನ್ (ಅರಿವಳಿಕೆಗೆ), ಡಯಜೆಪಾಮ್ (ಸ್ನಾಯು ಸಡಿಲಿಸೋಕೆ), ಬ್ಯುಟಾರ್ಫನಾಲ್ (ನೋವಿಗೆ), 2% ಲಿಗ್ನೊಕೇನ್ (ಚುಚ್ಚಿದ ಜಾಗ ಮರಗಟ್ಟಿಸೋಕೆ), ಮೆಲಾಕ್ಸಿಕಾಮ್ (ನೋವು, ಊತಕ್ಕೆ), ಒಂದು ಆಕ್ಸಿಜನ್ ಸಿಲಿಂಡರ್.

ನಾಯಿ ಲ್ಯಾಬ್ರಡಾರ್ ಬೆರಕೆ, 3 ವರ್ಷ, 24 ಕೆಜಿ. ಕೆಜಿಗೆ ಝೈಲಜೀನ್ 1 ಮಿ.ಗ್ರಾಂ, ಕೆಟಮಿನ್ 10 ಮಿ.ಗ್ರಾಂ ಸ್ನಾಯುವಿಗೆ ಕೊಡೋ ಪದ್ಧತಿಯಲ್ಲಿ ನಾಲ್ಕು ತೊಂದರೆ ಕಾಣ್ತಿದೆ: ಅಂಡಾಶಯ ಎಳೆದಾಗ ಮಿಸುಕುತ್ತೆ, ಮತ್ತೆ ಝೈಲಜೀನ್ ಹಾಕಿದ್ರೆ ನಾಡಿ 50ಕ್ಕಿಂತ ಕೆಳಗೆ ಇಳಿಯುತ್ತೆ, ಎಚ್ಚರವಾಗೋವಾಗ ಊಳಿಡುತ್ತೆ, ಮೈ 36 ಡಿಗ್ರಿಗೆ ತಣ್ಣಗಾಗಿರುತ್ತೆ. ಇರೋ ಔಷಧಿಯಲ್ಲೇ ಏನು ಬದಲಾಯಿಸಬಹುದು?

ಹಾಸನ ಸರ್ಜರಿ

ಡಾಕ್ಟ್ರೇ, ಮಿಸುಕಿದಾಗ ಝೈಲಜೀನ್ ಏರಿಸೋದನ್ನ ಮೊದಲು ಬಿಡಿ. ಅದು ನಿದ್ದೆ ಆಳವಾಗಿಲ್ಲ ಅಂತ ಮಿಸುಕ್ತಿಲ್ಲ, ನೋವಿಗೆ ಮಿಸುಕ್ತಿದೆ. ಕೆಟಮಿನ್ ಚರ್ಮ, ಸ್ನಾಯುವಿನ ನೋವಿಗೆ ಚೆನ್ನಾಗಿ ತಡೆ ಹಾಕುತ್ತೆ, ಹೊಟ್ಟೆಯೊಳಗಿನ ಎಳೆತಕ್ಕೆ ಅಷ್ಟಾಗಿ ಇಲ್ಲ.

ನಿಮ್ಮ 24 ಕೆಜಿ ನಾಯಿಗೇ ಲೆಕ್ಕ ಹಾಕೋಣ. ಝೈಲಜೀನ್ ಅರ್ಧ ಮಾಡಿ, ಕೆಜಿಗೆ 0.5, ಅಂದ್ರೆ 12 ಮಿ.ಗ್ರಾಂ. ಮಿ.ಲೀ.ಗೆ 20 ಮಿ.ಗ್ರಾಂ ಇರೋ ಬಾಟಲಿಯಲ್ಲಿ 0.6 ಮಿ.ಲೀ. (100ರ ಬಾಟಲಿಯೂ ಇರುತ್ತೆ, ದೊಡ್ಡ ಪ್ರಾಣಿಗಳಿಗೆ. ಲೇಬಲ್ ಎರಡು ಸಲ ಓದಿ. ಅದೇ 0.6 ಮಿ.ಲೀ. ಎಳೆದ್ರೆ ಐದು ಪಟ್ಟು ಹೋಗುತ್ತೆ.) ಜೊತೆಗೆ ಬ್ಯುಟಾರ್ಫನಾಲ್ ಕೆಜಿಗೆ 0.2, ಅಂದ್ರೆ 4.8 ಮಿ.ಗ್ರಾಂ. ಎರಡೂ ಸ್ನಾಯುವಿಗೆ. ಆಮೇಲೆ ಹದಿನೈದು ನಿಮಿಷ ಕತ್ತಲೆ ಕೋಣೆಯಲ್ಲಿ ಬಿಡಿ, ಯಾರೂ ಮುಟ್ಟೋದು ಬೇಡ. ಗದ್ದಲದಲ್ಲಿ ಝೈಲಜೀನ್ ಅರ್ಧ ಕೆಲಸವನ್ನೂ ಮಾಡಲ್ಲ. ವಾಂತಿ ಬರೋದಿದ್ರೆ ಈ ಹೊತ್ತಲ್ಲೇ ಬರುತ್ತೆ. ಅದಕ್ಕೇ ಊಟ ಬಿಟ್ಟು 6ರಿಂದ 8 ಗಂಟೆ ಆಗಿರ್ಲಿ. ನೀರು ಬೆಳಿಗ್ಗೆವರೆಗೂ ಕುಡೀಲಿ.

ಆಮೇಲೆ ರಕ್ತನಾಳಕ್ಕೆ ಕ್ಯಾನುಲಾ (ತೆಳು ಕೊಳವೆ) ಹಾಕಿ, ಐದು ನಿಮಿಷ ಮಾಸ್ಕಲ್ಲಿ ಆಕ್ಸಿಜನ್. ಒಂದೇ ಸಿರಿಂಜಿಗೆ ಡಯಜೆಪಾಮ್ 6 ಮಿ.ಗ್ರಾಂ, ಕೆಟಮಿನ್ 120 ಮಿ.ಗ್ರಾಂ ಎಳೆದು, ಅರ್ಧ ಮಾತ್ರ ನಿಧಾನಕ್ಕೆ ರಕ್ತನಾಳಕ್ಕೆ ಕೊಡಿ. ಒಂದು ನಿಮಿಷ ಕಾಯಿರಿ. ದವಡೆ ಸಡಿಲವಾಗಿ ಶ್ವಾಸನಾಳಕ್ಕೆ ಟ್ಯೂಬ್ ಹೋದ್ರೆ ಅಲ್ಲಿಗೇ ನಿಲ್ಲಿಸಿ. 9 ಅಥವಾ 10ರ ಟ್ಯೂಬ್, ಪಕ್ಕದಲ್ಲಿ ಒಂದು ಚಿಕ್ಕದೂ ಇರ್ಲಿ. ಡಯಜೆಪಾಮನ್ನ ಕೆಟಮಿನ್ ಬಿಟ್ಟು ಬೇರೆ ಯಾವುದರ ಜೊತೆಗೂ ಬೆರೆಸಬೇಡಿ, ಮಸುಕಾಗುತ್ತೆ. ಮಧ್ಯೆ ದವಡೆ ಬಿಗಿಯಾದ್ರೆ ಕೆಟಮಿನ್ 25ರಿಂದ 50 ಮಿ.ಗ್ರಾಂ, ಅಷ್ಟೇ. ಕೆಟಮಿನಲ್ಲಿ ಕಣ್ಣು ತೆರೆದೇ ಇರೋದ್ರಿಂದ ಕಣ್ಣು ನೋಡಿ ಆಳ ಅಳೆಯೋಕೆ ಆಗಲ್ಲ. ಕಣ್ಣಿಗೆ ಮುಲಾಮು ಹಚ್ಚಿಡಿ.

ಈಗ ಮುಖ್ಯವಾದ್ದು. ಲಿಗ್ನೊಕೇನ್ ಒಟ್ಟು ಕೆಜಿಗೆ 4 ಮಿ.ಗ್ರಾಂ ಮೀರಬಾರದು: 96 ಮಿ.ಗ್ರಾಂ, ಅಂದ್ರೆ 4.8 ಮಿ.ಲೀ. ಅದರಲ್ಲಿ 2.4 ಮಿ.ಲೀ. ಕೊಯ್ಯೋ ಗೆರೆಗೆ ಮೊದಲೇ. ಉಳಿದದ್ದು ಎರಡೂ ಅಂಡಾಶಯದ ಬುಡಕ್ಕೆ 1.2 ಮಿ.ಲೀ.ನಂತೆ. ಸೂಜಿ ಚುಚ್ಚಿದ ಮೇಲೆ ಹಿಂದಕ್ಕೆಳೆದು ರಕ್ತ ಬರ್ತಿಲ್ಲ ಅಂತ ನೋಡ್ಕೊಳ್ಳಿ. ಎರಡು ಮೂರು ನಿಮಿಷ ಕಾದು ಆಮೇಲೆ ಎಳೀರಿ. ಈ ಎರಡು ನಿಮಿಷ ಕಾಯೋ ತಾಳ್ಮೆ ಇಲ್ಲದೇ ಲಿಗ್ನೊಕೇನ್ ಕೆಲಸ ಮಾಡಲ್ಲ ಅನ್ನೋರೇ ಜಾಸ್ತಿ.

ಕಡೂರು ರೋಡ್

ಹಾಸನದ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾಡಿ ಇಳೀತು ಅಂತ ಎಲ್ಲರೂ ನಾಡಿ ಏರಿಸೋ ಅಟ್ರೋಪಿನ್‌ಗೆ ಕೈ ಹಾಕ್ತಾರೆ. ಝೈಲಜೀನ್ ಕೊಟ್ಟ ಹೊಸತರಲ್ಲಿ ರಕ್ತನಾಳ ಬಿಗಿದು ಒತ್ತಡ ಏರಿರುತ್ತೆ, ಅದಕ್ಕೆ ಪ್ರತಿಯಾಗಿ ಹೃದಯ ನಿಧಾನ ಆಗಿರುತ್ತೆ. ಆ ಹೊತ್ತಲ್ಲಿ ಅಟ್ರೋಪಿನ್ ಕೊಟ್ರೆ ಬಿಗಿದ ನಾಳಗಳ ಎದುರು ಹೃದಯವನ್ನ ಓಡಿಸಿದ ಹಾಗೆ. ಒಸಡು ಗುಲಾಬಿ ಇದ್ದು, ನಾಡಿ ಕೈಗೆ ಗಟ್ಟಿಯಾಗಿ ಸಿಕ್ತಿದ್ರೆ 50 ಆದ್ರೂ ಕಾಯಬಹುದು. ನಾಡಿ ಬಳಲಿ ಒಸಡು ಬಿಳಿಚಿದ್ರೆ ಮಾತ್ರ ಕೆಜಿಗೆ 0.02 ಮಿ.ಗ್ರಾಂ.

ಝೈಲಜೀನ್ ಇಳಿಸೋ ಯೋಹಿಂಬಿನ್ ಇದ್ರೂ ಅವಸರ ಬೇಡ. ಕೊನೆಯ ಕೆಟಮಿನ್ ಕೊಟ್ಟು ಅರ್ಧ ಗಂಟೆ ಆಗೋ ಮೊದಲು ಕೊಟ್ರೆ ಝೈಲಜೀನ್ ಇಳಿದು ಕೆಟಮಿನ್ ಒಂದೇ ಉಳಿಯುತ್ತೆ. ನಾಯಿ ಕಟ್ಟಿಗೆ ಥರ ಸೆಟೆದುಕೊಳ್ಳುತ್ತೆ, ಫಿಟ್ಸ್ ಕೂಡ ಬರಬಹುದು. ಝೈಲಜೀನ್‌ನ ನೋವುನಿವಾರಣೆಯೂ ಜೊತೆಗೇ ಹೋಗುತ್ತೆ.

ಮೈ ತಣ್ಣಗಾಗೋದು ನಮ್ಮ ಕಡೆ ಜುಲೈ, ಆಗಸ್ಟಲ್ಲಿ ಸಾಮಾನ್ಯ. ಮೇಜಿನ ಕಬ್ಬಿಣದ ತಗಡಿನ ಮೇಲೆ ನೇರವಾಗಿ ಮಲಗಿಸ್ತಾರೆ, ಹೊಟ್ಟೆಪೂರ್ತಿ ಸ್ಪಿರಿಟ್ ಸುರೀತಾರೆ, ಇನ್ನೇನಾಗುತ್ತೆ? ಕೆಳಗೆ ಒಣಗಿದ ಗೋಣಿಚೀಲ, ಅದರ ಮೇಲೆ ಕಂಬಳಿ. ಪಾದಗಳಿಗೆ ಸಾಕ್ಸ್. ಬಿಸಿನೀರಿನ ಬಾಟಲಿ ಇಡೋದಾದ್ರೆ ಬಟ್ಟೆ ಸುತ್ತಿ. ಅರಿವಿಲ್ಲದ ನಾಯಿ ಪಕ್ಕಕ್ಕೆ ಸರಿಯಲ್ಲ, ಚರ್ಮ ಸುಟ್ಟದ್ದು ಮೂರು ದಿನ ಆದ್ಮೇಲೆ ಗೊತ್ತಾಗುತ್ತೆ. ಹದಿನೈದು ನಿಮಿಷಕ್ಕೊಮ್ಮೆ ಥರ್ಮಾಮೀಟರ್. ರಿಂಗರ್ ಲ್ಯಾಕ್ಟೇಟ್ ಕೆಜಿಗೆ ಗಂಟೆಗೆ 5 ಮಿ.ಲೀ., ಅಂದ್ರೆ ಇದಕ್ಕೆ 120 ಮಿ.ಲೀ.; ಮಿ.ಲೀ.ಗೆ 20 ಹನಿ ಬೀಳೋ ಡ್ರಿಪ್ ಸೆಟ್ಟಲ್ಲಿ ನಿಮಿಷಕ್ಕೆ 40 ಹನಿ. ಬಾಟಲಿಯನ್ನ ಮೊದಲೇ ಬೆಚ್ಚಗಿನ ನೀರಲ್ಲಿ ಇಟ್ಟಿರಿ.

ಮೂಡಿಗೆರೆ ವೆಟ್

ಥ್ಯಾಂಕ್ಸ್ ಸರ್. ಊಳಿಡೋದು ನೋವಿಗೋ ಕೆಟಮಿನ್ ಅಮಲಿಗೋ ಗೊತ್ತಾಗೋದು ಹೇಗೆ? ಮತ್ತೆ ಮೆಲಾಕ್ಸಿಕಾಮ್ ಯಾವಾಗ?

ಅರಸೀಕೆರೆ ಕ್ಲಿನಿಕ್

ಗಾಯದ ಸುತ್ತ ಮೆಲ್ಲಗೆ ಒತ್ತಿ ನೋಡಿ. ಕೈ ಕಡೆ ತಿರುಗಿ ನೋಡಿದ್ರೆ, ಹೊಟ್ಟೆ ಬಿಗಿ ಹಿಡಿದ್ರೆ ನೋವು. ಬ್ಯುಟಾರ್ಫನಾಲ್ ಮತ್ತೊಂದು ಸಲ. ಅದರ ಪರಿಣಾಮ ಒಂದೆರಡು ಗಂಟೆಗೆ ಇಳಿದಿರುತ್ತೆ, ಉದ್ದದ ಆಪರೇಷನ್ ಆದ್ರೆ ಎಚ್ಚರ ಆಗೋ ಹೊತ್ತಿಗೆ ಖಾಲಿ. ಒತ್ತಿದ್ರೂ ಲೆಕ್ಕಿಸದೆ ತಲೆ ಅತ್ತಿತ್ತ ತೂಗಾಡಿಸ್ತಾ ಒಂದೇ ರಾಗದಲ್ಲಿ ಕೂಗ್ತಿದ್ರೆ ಅಮಲು. ಸ್ವಲ್ಪ ಡಯಜೆಪಾಮ್, ಕತ್ತಲೆ, ನಿಶ್ಶಬ್ದ. ಅಂಕ ಹಾಕಿ ಬರೆದಿಡೋದಾದ್ರೆ ಗ್ಲಾಸ್ಗೋ ನೋವಿನ ಮಾಪನದಲ್ಲಿ 24ಕ್ಕೆ 6 ಬಂದ್ರೆ ಔಷಧಿ ಕೊಡಲೇಬೇಕು.

ಮೆಲಾಕ್ಸಿಕಾಮ್ ಮೊದಲ ದಿನ ಕೆಜಿಗೆ 0.2, ಆಮೇಲೆ ದಿನಕ್ಕೊಮ್ಮೆ 0.1 ಮಿ.ಗ್ರಾಂ, ಊಟದ ಜೊತೆ. ರಕ್ತದೊತ್ತಡ ಅಳೆಯೋ ಯಂತ್ರ ಇಲ್ಲ ಅಂದ್ಮೇಲೆ ಆಪರೇಷನ್ ಮುಗಿದು ನಾಯಿ ಸುಧಾರಿಸಿಕೊಂಡ ಮೇಲೆ ಕೊಡೋದೇ ಕ್ಷೇಮ. ಒತ್ತಡ ಬಿದ್ದ ಹೊತ್ತಲ್ಲಿ ಈ ಔಷಧಿ ಇದ್ರೆ ಕಿಡ್ನಿಗೆ ಪೆಟ್ಟು.

ತೋಟದ ನಾಯಿಗಳಲ್ಲಿ ಇನ್ನೊಂದು ಕೇಳಿ: ಉಣ್ಣೆ ಜ್ವರಕ್ಕೆ (ಉಣ್ಣೆ ಹುಳ ಕಚ್ಚಿ ಬರೋದು) ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ನಡೀತಿದೆಯಾ? ಅದೂ ಮೆಲಾಕ್ಸಿಕಾಮೂ ಸೇರಿದ್ರೆ ಹೊಟ್ಟೆಯಲ್ಲಿ ಹುಣ್ಣು, ಕಪ್ಪು ಭೇದಿ. ಉಣ್ಣೆ ಜ್ವರ ಬಂದುಹೋದ ನಾಯಿಗೆ ಪ್ಲೇಟ್‌ಲೆಟ್ ಎಣಿಸದೆ ಚಾಕು ಹಿಡಿಯಲೇಬೇಡಿ.

ಮನೆಯವರಿಗೆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ: ಮೆಡಿಕಲ್ ಶಾಪಿನ ಡಿಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಮನುಷ್ಯರ ಮೆಲಾಕ್ಸಿಕಾಮ್ ಮಾತ್ರೆ 7.5, 15 ಮಿ.ಗ್ರಾಂ ಇರುತ್ತೆ, ಈ ನಾಯಿಗೆ ಬೇಕಾಗಿರೋದು 2.4. (ಡಿಕ್ಲೋಫೆನಾಕ್ ಪಶುಗಳಿಗೆ 2006ರಿಂದಲೇ ನಿಷೇಧ, ರಣಹದ್ದುಗಳು ಸತ್ತ ಕಾರಣಕ್ಕೆ. ಆದ್ರೂ ಕೆಲವು ಕೊಟ್ಟಿಗೆಗಳ ಗೂಡಲ್ಲಿ ಇನ್ನೂ ಸಿಗುತ್ತೆ.)

ಬೆಕ್ಕಿದ್ದ ಮನೆಯಾದ್ರೆ ಪ್ಯಾರಸಿಟಮಾಲ್ ಹೆಸರೂ ಸೇರಿಸಿ. 500ರ ಒಂದೇ ಮಾತ್ರೆ ಬೆಕ್ಕನ್ನ ಕೊಲ್ಲಬಲ್ಲದು. ಒಸಡು ಕಂದು ಬಣ್ಣಕ್ಕೆ ತಿರುಗಿ ಮುಖ, ಪಾದ ಊದಿಕೊಂಡು ಬಂದ್ರೆ ಆ ವಿಷಕ್ಕೆ ಮದ್ದಾದ ಅಸಿಟೈಲ್‌ಸಿಸ್ಟೀನ್ ಮೊದಲು ಕೆಜಿಗೆ 140, ಆಮೇಲೆ ಆರು ಗಂಟೆಗೊಮ್ಮೆ 70 ಮಿ.ಗ್ರಾಂ. ಬೆಕ್ಕಿನ ಸಂತಾನಹರಣಕ್ಕೆ ಲಿಗ್ನೊಕೇನ್ ಕೆಜಿಗೆ 2 ಮಿ.ಗ್ರಾಂ ದಾಟಬೇಡಿ. 3 ಕೆಜಿ ಬೆಕ್ಕಿಗೆ 0.3 ಮಿ.ಲೀ. ಮಾತ್ರ, ಸಲೈನ್ ಸೇರಿಸಿ 1 ಮಿ.ಲೀ. ಮಾಡ್ಕೊಂಡ್ರೆ ಗೆರೆಯುದ್ದಕ್ಕೂ ಸಾಲುತ್ತೆ.